ಬೇರಿಯಂ ಟೈಟನೇಟ್ ಫಿಲ್ಮ್‌ನಲ್ಲಿ 120 ಡಿಗ್ರಿ ಪೀಕ್ ಎಲ್ಲಿ ಹೋಯ್ತು?

ಫೆರೊ_ಕುತೂಹಲಿ: ಬೇರಿಯಂ ಟೈಟನೇಟ್ ಅನ್ನೋದು ಫೆರೊಎಲೆಕ್ಟ್ರಿಕ್, ಅಂದ್ರೆ ತನ್ನೊಳಗೇ ವಿದ್ಯುತ್ ಧ್ರುವೀಕರಣ (ಪೋಲರೈಸೇಷನ್) ಇರೋ ಆಕ್ಸೈಡ್. ಬಲ್ಕ್‌ನಲ್ಲಿ, ಅಂದ್ರೆ ದಪ್ಪ ತುಂಡಲ್ಲಿ, ಅದು ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ (ಇದೇ ಟಿಸಿ, ಕ್ಯೂರಿ ತಾಪಮಾನ) ಟೆಟ್ರಾಗೋನಲ್ ಜಾಲಕದಿಂದ ಕ್ಯೂಬಿಕ್ ಆಗಿ ಆ ಗುಣ ಕಳ್ಕೊಳ್ಳುತ್ತೆ, ಡಿಎಸ್‌ಸಿಲಿ (ಬಿಸಿ ಮಾಡ್ತಾ ವಸ್ತು ಹೀರೋ ಶಾಖ ಅಳೆಯೋ ಉಪಕರಣ) ಪೀಕ್ ಬರುತ್ತೆ. ನಂದು ಸಿಲಿಕಾನ್ ಮೇಲಿನ 100 ನ್ಯಾನೋಮೀಟರ್ ಫಿಲ್ಮ್, ಡಿಎಸ್‌ಸಿಗೆ ಹಾಕಿದ್ರೆ ಬರೀ ಸಪಾಟು ಗೆರೆ. ಡೈಎಲೆಕ್ಟ್ರಿಕ್ ಅಳತೆಲಿ ಒಂದು ಅಗಲವಾದ ಉಬ್ಬು ಕಾಣುತ್ತೆ, ಅದೂ 120ಕ್ಕಿಂತ ಕೆಳಗೆ. ತೆಳು ಆದ್ರೆ ಟಿಸಿ ಇಳಿಯುತ್ತೆ ಅಂತ ಕೆಲವರು, ಏರುತ್ತೆ ಅಂತ ಇನ್ನು ಕೆಲವರು. ಯಾರ ಮಾತು ನಂಬೋದು?

ಶಾಖಮಾಪಿ: ಮೊದಲು ಡಿಎಸ್‌ಸಿ ಲೆಕ್ಕ ಹಾಕಿ ನೋಡಿ. ಒಂದು ಚದರ ಸೆಂಟಿಮೀಟರ್ ಫಿಲ್ಮ್ ತೂಕ ಹೆಚ್ಚೂಕಡಿಮೆ 60 ಮೈಕ್ರೋಗ್ರಾಂ, ಬಲ್ಕ್ ಲೇಟೆಂಟ್ ಹೀಟ್ (ರೂಪ ಬದಲಾಗೋವಾಗ ಹೀರೋ ಶಾಖ) ಮೋಲ್‌ಗೆ 200 ಜೂಲ್ ಆಸುಪಾಸು, ಅಂದ್ರೆ ನಿಮಗೆ ಸಿಗೋದು 50 ಮೈಕ್ರೋಜೂಲ್, ಅದೂ ಹತ್ತಾರು ಡಿಗ್ರಿಗೆ ಹರಡಿಕೊಂಡು. ಕೆಳಗೆ ಅರ್ಧ ಮಿಲಿಮೀಟರ್ ಸಿಲಿಕಾನ್ ಸಾವಿರಾರು ಪಟ್ಟು ಭಾರ ಕೂತಿದೆ, ಪೀಕ್ ಕಂಡಿದ್ರೇ ನಾನು ಅನುಮಾನ ಪಡ್ತಿದ್ದೆ. ಇದಕ್ಕೆ 3-ಒಮೇಗಾ ಥರದ ಎಸಿ ವಿಧಾನ (ಎಸಿ ಕರೆಂಟಿಂದ ಬಿಸಿ ಮಾಡಿ ತಾಪದ ಏರಿಳಿತ ಅಳೆಯೋದು), ಇಲ್ಲಾ ತೆಳು ಮೆಂಬ್ರೇನ್ ಮೇಲಿನ ನ್ಯಾನೋಕ್ಯಾಲೊರಿಮೆಟ್ರಿ (ಅತಿ ಸಣ್ಣ ಶಾಖ ಅಳೆಯೋದು) ಬೇಕು.

ಜಾಲಕ_ಜಾಣ: ಇಬ್ಬರ ಮಾತೂ ನಂಬಬಹುದು ಗುರು, ಯಾಕಂದ್ರೆ ಟಿಸಿನ ನಿರ್ಧರಿಸೋದು ದಪ್ಪ ಒಂದೇ ಅಲ್ಲ. ಎಪಿಟಾಕ್ಸಿ ಫಿಲ್ಮ್‌ನ (ಕೆಳಗಿನ ಹರಳಿನ ಜೋಡಣೆಗೆ ಹೊಂದಿಸಿ ಬೆಳೆಸಿದ್ದು) ಸಬ್‌ಸ್ಟ್ರೇಟ್, ಅಂದ್ರೆ ಕೆಳಗಿನ ತಳ, ಬಿಗಿಯಾಗಿ ಹಿಡ್ಕೊಂಡಿರುತ್ತೆ, ಜಾಲಕ ತನಗೆ ಬೇಕಾದ ಹಾಗೆ ಹಿಗ್ಗೋಕೆ ಬಿಡಲ್ಲ. ಪೆರ್ಟ್ಸೆವ್ ಮತ್ತೆ ಸಂಗಡಿಗರು 1998ರಲ್ಲೇ ತೋರಿಸಿದ್ರು, ಈ ಹಿಡಿತದಿಂದ ಫಸ್ಟ್ ಆರ್ಡರ್ (ಥಟ್ಟನೆ ಜಿಗಿಯೋ) ಟ್ರಾನ್ಸಿಷನ್ ಸೆಕೆಂಡ್ ಆರ್ಡರ್ (ಜಿಗಿತ ಇಲ್ಲದೆ ಮೆಲ್ಲಗೆ ಆಗೋದು) ಆಗಬಹುದು ಅಂತ, ಹಾಗಾದ್ರೆ ಲೇಟೆಂಟ್ ಹೀಟೇ ಇರಲ್ಲ, ಸ್ಪೆಸಿಫಿಕ್ ಹೀಟ್‌ನಲ್ಲಿ ಒಂದು ಮೆಟ್ಟಿಲು ಅಷ್ಟೇ. 2004ರಲ್ಲಿ ಸ್ಕ್ಯಾಂಡೇಟ್ (ಸ್ಕ್ಯಾಂಡಿಯಂ ಇರೋ ಆಕ್ಸೈಡ್) ಸಬ್‌ಸ್ಟ್ರೇಟ್ ಮೇಲೆ ಬೆಳೆಸಿ ಬೇರಿಯಂ ಟೈಟನೇಟ್ ಟಿಸಿನ ಬಲ್ಕ್‌ಗಿಂತ ಸುಮಾರು 500 ಡಿಗ್ರಿ ಮೇಲಕ್ಕೆ ತಗೊಂಡು ಹೋದ್ರು. ಅದು ತೆಳುತನದ್ದಲ್ಲ, ಸ್ಟ್ರೇನ್‌ದು, ಅಂದ್ರೆ ಜಾಲಕ ಎಳೆದೋ ಒತ್ತಿಯೋ ಆದ ಬದಲಾವಣೆದು. ಸೈಜ್ ಎಫೆಕ್ಟ್ ಅಂತ ಎಲ್ಲಾನೂ ಒಂದೇ ಮೂಟೆಗೆ ತುಂಬೋದು ನನಗಂತೂ ಹಿಡಿಸಲ್ಲ.

ಫೆರೊ_ಕುತೂಹಲಿ: ಆದ್ರೆ ನಂದು ಎಪಿಟಾಕ್ಸಿ ಅಲ್ಲ, ಪಾಲಿಕ್ರಿಸ್ಟಲೈನ್, ಸಣ್ಣ ಸಣ್ಣ ಹರಳಿನ ಕಣಗಳು (ಗ್ರೇನ್) ಸೇರಿದ್ದು. ಮತ್ತೆ ಥರ್ಮಲ್ ಕಂಡಕ್ಟಿವಿಟಿನೂ ಬಲ್ಕ್‌ಗಿಂತ ಕಮ್ಮಿ ಬರ್ತಿದೆ.

ಶಾಖಮಾಪಿ: ಅದು ಬರಲೇಬೇಕು, ಗ್ರೇನ್ ಬೌಂಡರಿ, ಡೊಮೇನ್ ವಾಲ್ (ಪೋಲರೈಸೇಷನ್ ದಿಕ್ಕು ಬದಲಾಗೋ ಗಡಿ), ಇಂಟರ್‌ಫೇಸ್ ಎಲ್ಲಾ ಕಡೆ ಫೋನಾನ್‌ಗಳು (ಶಾಖ ಒಯ್ಯೋ ಜಾಲಕದ ಕಂಪನಗಳು) ಚದುರುತ್ವೆ. ಇಂಟರ್‌ಫೇಸ್ ರೆಸಿಸ್ಟೆನ್ಸ್ ಬೇರೆ ಸೇರ್ಕೊಂಡಿರುತ್ತೆ, ಎರಡು ಮೂರು ದಪ್ಪದ ಫಿಲ್ಮ್ ಅಳೆದ್ರೆ ಬೇರ್ಪಡಿಸಬಹುದು.

ಜಾಲಕ_ಜಾಣ: ಪಾಲಿಕ್ರಿಸ್ಟಲೈನ್ ಅಂದ್ರೆ ದಪ್ಪಕ್ಕಿಂತ ಗ್ರೇನ್ ಸೈಜ್ ನೋಡಿ. ಒಂದೊಂದು ಗ್ರೇನ್‌ಗೂ ಒಂದೊಂದು ಸ್ಟ್ರೆಸ್, ಒಂದೊಂದು ಟಿಸಿ, ಎಲ್ಲಾ ಸೇರಿ ಆ ಅಗಲ ಉಬ್ಬು. ಸಿಲಿಕಾನ್ ಕಮ್ಮಿ ಕುಗ್ಗುತ್ತೆ, ಆಕ್ಸೈಡ್ ಫಿಲ್ಮ್ ಜಾಸ್ತಿ, ಹಾಗಾಗಿ ತಣ್ಣಗಾದಾಗ ಫಿಲ್ಮ್ ಎಳೆದ ಸ್ಥಿತಿಲಿ ಉಳಿಯುತ್ತೆ.

ತುದಿಬಿಂದು: ಫೆರೊಎಲೆಕ್ಟ್ರಿಕ್ ಗುಣ ಉಳಿಯೋಕೆ ನಿಜವಾದ ದಪ್ಪದ ಮಿತಿ ಇದಕ್ಕಿಂತ ತುಂಬಾ ಕೆಳಗಿದೆ. ಎಲೆಕ್ಟ್ರೋಡ್ ಸರ್ಫೇಸ್ ಚಾರ್ಜ್‌ನ ಪೂರ್ತಿ ಸ್ಕ್ರೀನ್ (ರದ್ದು) ಮಾಡದೇ ಇದ್ದಾಗ ಡಿಪೋಲರೈಸೇಷನ್ ಫೀಲ್ಡ್ (ಆ ಚಾರ್ಜ್‌ನಿಂದ ಒಳಗೆ ಎದುರಾಗಿ ಹುಟ್ಟೋ ಫೀಲ್ಡ್) ಪೋಲರೈಸೇಷನ್‌ನ ಕೊಲ್ಲುತ್ತೆ. ಸ್ಟ್ರಾನ್ಷಿಯಂ ರುಥೆನೇಟ್ ಎಲೆಕ್ಟ್ರೋಡ್‌ಗಳ ಮಧ್ಯೆ ಬೇರಿಯಂ ಟೈಟನೇಟ್‌ಗೆ ಆರು ಯೂನಿಟ್ ಸೆಲ್ (ಜಾಲಕದ ಅತಿ ಚಿಕ್ಕ ಘಟಕ), ಸುಮಾರು 2.4 ನ್ಯಾನೋಮೀಟರ್ ಅಂತ 2003ರ ಲೆಕ್ಕಾಚಾರ. ಲೆಡ್ ಟೈಟನೇಟ್ ಸ್ಟ್ರೈಪ್ ಡೊಮೇನ್ ಮಾಡ್ಕೊಂಡು ಮೂರು ಯೂನಿಟ್ ಸೆಲ್‌ವರೆಗೂ ತಡ್ಕೊಂಡಿದೆ. 100 ನ್ಯಾನೋಮೀಟರ್‌ನಲ್ಲಿ ಈ ಚಿಂತೆ ಬಿಟ್ಟು, ಬಿಸಿ ಮಾಡ್ತಾ ಎಕ್ಸ್-ರೇ ತೆಗೆದು ಲ್ಯಾಟಿಸ್ ಪ್ಯಾರಾಮೀಟರ್ ಪ್ಲಾಟ್ ಮಾಡಿ, ಗೆರೆ ಬಾಗೋ ಜಾಗ ಸಿಗುತ್ತೆ, ಅದೇ ನಿಮ್ಮ ಟಿಸಿ.