ಸಹಾಯ ಬೇಕು: ಹಳೇ ಫ್ರಿಜ್ ಬದಲಿಸಿದರೆ ಕಾರ್ಬನ್ ಲೆಕ್ಕದಲ್ಲಿ ಲಾಭವೇ?

ನಮಸ್ಕಾರ. ನಮ್ಮ ಫ್ರಿಜ್‌ಗೆ 14 ವರ್ಷ. ಕೆಟ್ಟಿಲ್ಲ, ಆದರೆ ಬಾಗಿಲಿನ ರಬ್ಬರ್ ಒಂದು ಮೂಲೆಯಲ್ಲಿ ಸಡಿಲಾಗಿ, ಅಲ್ಲಿ ಕೈಯಿಟ್ಟರೆ ತಂಪು ತಾಗುತ್ತದೆ. ಪ್ಲಗ್‌ಗೆ ಮೀಟರ್ ಹಾಕಿ ನೋಡಿದೆ: 24 ಗಂಟೆಗೆ 1.3 ಯೂನಿಟ್. ಅಂದರೆ ವರ್ಷಕ್ಕೆ ಸುಮಾರು 475. ಹೊಸದರ ಲೇಬಲ್ ಮೇಲೆ 220 ಅಂತಿದೆ.

ಮೊದಲು ನನ್ನನ್ನು ಕಾಡಿದ್ದು ಸಾಗಣೆ, ಹೊಸ ಫ್ರಿಜ್ ಸಮುದ್ರದಾಚೆಯಿಂದ ಬರುವಂಥದ್ದು. ಹಡಗಿನಲ್ಲಿ ಒಂದು ಟನ್ ಸರಕು ಒಂದು ಕಿ.ಮೀ. ಸಾಗಿದರೆ ಅಂದಾಜು 10ರಿಂದ 20 ಗ್ರಾಂ ಇಂಗಾಲದ ಡೈಆಕ್ಸೈಡ್. 60 ಕೆ.ಜಿ. ಫ್ರಿಜ್ 8,000 ಕಿ.ಮೀ. ಬಂದರೂ 5ರಿಂದ 10 ಕೆ.ಜಿ. ಅಷ್ಟೇ! ಲಾರಿಗೆ ಅದೇ ಟನ್-ಕಿ.ಮೀ. ಲೆಕ್ಕದಲ್ಲಿ 100 ಗ್ರಾಂ ಹಿಡಿದರೆ ಕೊನೆಯ 1,000 ಕಿ.ಮೀ.ಗೇ 6 ಕೆ.ಜಿ. ಆಗುತ್ತದೆ. ದೂರಕ್ಕಿಂತ ವಾಹನ ಮುಖ್ಯ ಅಂತ ಆಗ ಹೊಳೆಯಿತು. ವಿಮಾನವಾದರೆ ಕಥೆಯೇ ಬೇರೆ, 500 ಗ್ರಾಂಗೂ ಮೇಲೆ.

ಸಿಕ್ಕಿಕೊಂಡಿರುವುದು ಇಲ್ಲಿ: ಉಕ್ಕು, ಪ್ಲಾಸ್ಟಿಕ್, ಕಂಪ್ರೆಸರ್ ಎಲ್ಲ ಸೇರಿ ತಯಾರಿಕೆಗೆ ಎಷ್ಟು ಹಿಡಿಯಬೇಕು? ವರ್ಷಕ್ಕೆ ಉಳಿಯುವ 255 ಯೂನಿಟ್‌ಗೆ ಎಷ್ಟು ಇಂಗಾಲ ಅಂತ ಲೆಕ್ಕ ಹಾಕುವುದು ಹೇಗೆ? ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್‌ಗೆ ಸುಮಾರು 1 ಕೆ.ಜಿ., ಜಲವಿದ್ಯುತ್ತಾದರೆ ಬಹಳ ಕಡಿಮೆ. ಹಳೆಯದರಲ್ಲಿ ತಂಪು ಮಾಡಲು ಬಳಸುವ ಆರ್-134ಎ ಅನಿಲವಿದೆ, ಸೋರಿದರೆ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಹಿಡಿಯುತ್ತದಂತೆ. ಗುಜರಿಗೆ ಕೊಡುವ ಮೊದಲು ಅದನ್ನು ಸರಿಯಾಗಿ ತೆಗೆಸುವುದು ಹೇಗೆ?

ರಬ್ಬರ್ ಮಾತ್ರ ಬದಲಿಸಿ ಮೀಟರ್ ಇಟ್ಟು ನೋಡಿದವರಿದ್ದರೆ, ಮುಂಚಿನ ಮತ್ತು ಆಮೇಲಿನ ಯೂನಿಟ್ ದಯವಿಟ್ಟು ತಿಳಿಸಿ.