ಪದಚರ್ಚೆ: ‘ಹಿಪ್ ಜಾಯಿಂಟ್’ಗೆ ಸೊಂಟ ಅಂದರೆ ಸಾಕಾ?

ಗೆಳೆಯರೇ,
ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಉರಿಯೂತದಿಂದ ಬೆನ್ನುಮೂಳೆ ಬಿಗಿಯುವ ಕಾಯಿಲೆ) ಇರುವವರಿಗಾಗಿ ಒಂದು ಕರಪತ್ರ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಈ ಕಾಯಿಲೆ ಬೆನ್ನಿನಲ್ಲೇ ನಿಲ್ಲುವುದಿಲ್ಲ. ಎಷ್ಟೋ ಜನರಿಗೆ ಹಿಪ್ ಜಾಯಿಂಟ್, ಅಂದರೆ ತೊಡೆಮೂಳೆ ಮೇಲೆ ಸೇರುವ ಕೀಲು ಕೂಡ ಕೆಡುತ್ತದೆ, ಚಿಕ್ಕ ವಯಸ್ಸಿನಲ್ಲೇ ಶುರುವಾದವರಿಗೆ ಜಾಸ್ತಿ. ‘ಸೊಂಟದ ಕೀಲು’ ಅಂತ ಬರೆಯುವ ರೂಢಿ ಇದೆ. ಆದರೆ ‘ಸೊಂಟ ನೋವು’ ಅಂದ ಕೂಡಲೇ ಓದುವವರ ಕೈ ಬೆನ್ನಿನ ಕೆಳಭಾಗಕ್ಕೆ ಹೋಗುತ್ತದೆ. ಇವರಿಗೆ ಆ ನೋವು ಮೊದಲೇ ಇದೆಯಲ್ಲ! ಹಿಪ್ ಕೆಟ್ಟಾಗ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ಮಂಡಿಯಲ್ಲಿ ಕಾಣಿಸುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಪದ ಬೇಕು.
– ವಿ.

‘ಕಟಿಸಂಧಿ’. ಪದ ಇದೆ, ಬಳಸಿ.
– ಶ್ರೀ.

ಕಟಿ ಅಂದರೂ ಸೊಂಟವೇ ತಾನೇ? ಸಂಸ್ಕೃತದಲ್ಲಿ ಹೇಳಿದರೆ ನೋವು ಜಾಗ ಬದಲಿಸುತ್ತದಾ? ಕೀಲೂ ಬೇಡ, ಅದು ಸಂಸ್ಕೃತದ ‘ಕೀಲ’ದಿಂದ ಬಂದದ್ದು. ಕಬ್ಬಿಗೆ ಗೆಣ್ಣು, ಬೆರಳಿಗೆ ಗೆಣ್ಣು ಅನ್ನುವುದಿಲ್ಲವೇ? ‘ತೊಡೆಗೆಣ್ಣು’ ಅನ್ನಿ.
– ಗು.

ಗು. ಅವರೇ, ತಮಿಳರು ಸಂಧಿವಾತಕ್ಕೆ ‘ಕೀಲ್‌ವಾದಂ’ ಅನ್ನುತ್ತಾರೆ. ಅವರಿಗಿಲ್ಲದ ಮಡಿ ನಿಮಗೇಕೆ? ಗೆಣ್ಣು ಹೊರಗೆ ಉಬ್ಬಿ ಕಾಣುವಂಥದ್ದು. ಈ ಕೀಲು ಕಣ್ಣಿಗೇ ಬೀಳುವುದಿಲ್ಲ. ತೊಡೆಮೂಳೆಯ ಗುಂಡುತಲೆ ಒಳಗೆ ಗುಳಿಯಲ್ಲಿ ಕೂತು ಎಲ್ಲ ಕಡೆಗೂ ತಿರುಗುತ್ತದೆ.
ವಿ. ಅವರಿಗೆ: ನಾನು ಫಿಸಿಯೋಥೆರಪಿ ಮಾಡುವವಳು. ‘ತೊಡೆ ಬುಡದ ಕೀಲು’ ಅಂದರೆ ಯಾರ ಕೈಯೂ ತಪ್ಪು ಜಾಗಕ್ಕೆ ಹೋಗುವುದಿಲ್ಲ. ಈ ಕಾಯಿಲೆಯಲ್ಲಿ ಆ ಕೀಲು ಮಡಿಚಿದ ಹಾಗೇ ಬಿಗಿದುಕೊಳ್ಳಬಹುದು. ಆಗ ನೆಟ್ಟಗೆ ನಿಲ್ಲಲು ಮಂಡಿ ಬಗ್ಗಿಸಬೇಕಾಗುತ್ತದೆ. ಬೋರಲು ಮಲಗಲು ಹೇಳುವುದು ಅದಕ್ಕೇ. ‘ಕವುಚಿ ಮಲಗಿ’ ಅಂತ ಬರೆದರೂ ಸರಿ.
– ರಾ.

ತುಂಬಾ ಉಪಕಾರ ಮೇಡಂ. ಮೊದಲ ಸಲ ‘ತೊಡೆ ಬುಡದ ಕೀಲು’, ಆಮೇಲೆ ‘ತೊಡೆಕೀಲು’ ಅಂತ ಇಡುತ್ತೇನೆ. ತಲೆಬರಹಕ್ಕೆ ‘ಬೆನ್ನುಹುರಿಯ ಉರಿಯೂತ’ ನಡೆಯುತ್ತಾ?
– ವಿ.

ಖಂಡಿತ ಬೇಡ. ಬೆನ್ನುಹುರಿ ಅಂದರೆ ಮೂಳೆಯೊಳಗೆ ಹಾದುಹೋಗುವ ನರದ ಹುರಿ. ಇದು ಬೆನ್ನುಮೂಳೆಯ ಕಾಯಿಲೆ.
– ರಾ.

ಗ್ರೀಕಿನಲ್ಲಿ ‘ಆಂಕಿಲೋಸ್’ ಅಂದರೆ ಬಾಗಿದ್ದು. ‘ಬಾಗುಬೆನ್ನು ಬೇನೆ’. ಮುಗಿಯಿತು.
– ಗು.

ಮುಗಿಯಲಿಲ್ಲ. ಎಲ್ಲರ ಬೆನ್ನೂ ಬಾಗುವುದಿಲ್ಲ. ನಿನ್ನೆ ಮೊನ್ನೆ ಕಾಯಿಲೆ ಗೊತ್ತಾದ ಹುಡುಗನಿಗೆ ಈ ಹೆಸರು ಹೇಳಿ ಸುಮ್ನೆ ಹೆದರಿಸುವುದು ಯಾಕೆ? ಡಾಕ್ಟರ್ ಚೀಟಿಯಲ್ಲಿ ಇರುವ ಹೆಸರೇ ಇರಲಿ, ಹುಡುಕಿದರೆ ಸಿಗಬೇಕಲ್ಲ. ‘ಸ್ಪಾಂಡಿಲೋಸಿಸ್’ ಅಂತ ಮಾತ್ರ ಅಚ್ಚಾಗದಂತೆ ನೋಡಿಕೊಳ್ಳಿ. ಅದು ಸವೆತ, ಇದು ಉರಿಯೂತ. ಸುಮ್ಮನೆ ಮಲಗಿದ್ದರೆ ಇದರ ಬಿಗಿತ ಹೆಚ್ಚುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಹೆಸರು ತಪ್ಪಿದರೆ ಮನೆಯವರು ಮಲಗಿಸಿಯೇ ಇಡುತ್ತಾರೆ.
– ರಾ.

ಉರಿ, ಊತ ಎರಡೂ ಕನ್ನಡ. ಅದಕ್ಕೇ ಜನರ ಬಾಯಲ್ಲಿ ನಿಂತಿದೆ. ಅದೇ ಅರ್ಥದ ಸಂಸ್ಕೃತ ಪದ, ಶ್ರೀ. ಅವರ ‘ಶೋಥ’ವನ್ನು ಯಾರು ಕೇಳುತ್ತಾರೆ?
– ಗು.

ನಾನು ಶೋಥದ ಸುದ್ದಿಯನ್ನೇ ಎತ್ತಿಲ್ಲ. ಡಾಕ್ಟರ್, ಫಿಸಿಯೋಥೆರಪಿ ಎಲ್ಲ ಒಳಗೆ ಬರಬಹುದು, ಸಂಸ್ಕೃತ ಬಂದರೆ ಮಾತ್ರ ಚಿಲಕ. ಇದು ಯಾವ ಶುದ್ಧಿ ಸ್ವಾಮಿ?
– ಶ್ರೀ.

ಅದಕ್ಕೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಉತ್ತರ ಕೊಡುತ್ತೇನೆ.
– ಗು.