1987ರ ಡೆನ್ನಿಂಗ್ ಪ್ರಬಂಧ ಈಗಲೂ ಓದಬೇಕೇ?

ಪ್ರಶ್ನೆ (ಬದಿಯಡ್ಕ): ಕಾಸರಗೋಡಿನಲ್ಲಿ ಎಂ.ಸಿ.ಎ. ಓದುತ್ತಿದ್ದೇನೆ. ನೆಟ್‌ವರ್ಕ್‌ಗೆ ನುಸುಳುವವರನ್ನು ಪತ್ತೆಹಚ್ಚುವ ಪ್ರಾಜೆಕ್ಟಿಗೆ ಕಂಪ್ಯೂಟರ್ ಭದ್ರತೆಯ ಸಂಶೋಧಕಿ ಡೊರೊಥಿ ಡೆನ್ನಿಂಗ್ ಅವರ ಪ್ರಬಂಧದಿಂದಲೇ ಆರಂಭಿಸಬೇಕೆಂದು ಮಾರ್ಗದರ್ಶಕರು ಹೇಳುತ್ತಾರೆ. ಇಂಥ ಮಾದರಿಗಳನ್ನು ಪರೀಕ್ಷಿಸಲು ಬಳಸುವ ಸಂಪರ್ಕ ದಾಖಲೆಗಳ ಸಂಗ್ರಹವಾದ ಕೆಡಿಡಿ 99 ದತ್ತಾಂಶದಲ್ಲಿ ನನ್ನ ಮಾದರಿಯ ನಿಖರತೆ ಈಗಾಗಲೇ ಚೆನ್ನಾಗಿರುವಾಗ ಅಷ್ಟು ಹಳೆಯ ಬರಹದ ಅಗತ್ಯವಿದೆಯೇ?

ಉತ್ತರ (ಮಂಜೇಶ್ವರ): ಖಂಡಿತ ಓದಿ. ಬಳಕೆದಾರರು ಲಾಗಿನ್ ಆಗುವ ವೇಳೆ, ತೆರೆಯುವ ಕಡತ, ನೀಡುವ ಆದೇಶ ಇವುಗಳಿಂದ ಅವರ ವಾಡಿಕೆಯನ್ನು ಗುರುತಿಸಿ, ಸರಾಸರಿ ಮತ್ತು ಪ್ರಮಾಣ ವಿಚಲನೆಯ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತದೆ ಎಂಬ ಅಳತೆ) ಮಿತಿ ಮೀರಿದ್ದನ್ನು ಅಸಹಜವೆಂದು ಪರಿಗಣಿಸುವ ಕ್ರಮವನ್ನು ಡೆನ್ನಿಂಗ್ ಅಲ್ಲಿ ವಿವರಿಸಿದ್ದಾರೆ. ಇಂದಿನ ಎಷ್ಟೋ ಪ್ರಬಂಧಗಳು ಹೊಸ ಅಂಗಿ ತೊಟ್ಟ ಅದೇ ವಿಚಾರ. ಆದರೆ ಅದು ಮುಖ್ಯವಾಗಿ ಕಂಪ್ಯೂಟರಿನೊಳಗಿನ ದಾಖಲೆಗಳನ್ನು ಆಧರಿಸಿದೆ, ನೆಟ್‌ವರ್ಕಿನಲ್ಲಿ ಸಾಗುವ ದತ್ತಾಂಶದ ತುಣುಕುಗಳಾದ ಪ್ಯಾಕೆಟ್‌ಗಳನ್ನಲ್ಲ.

ಉತ್ತರ (ಕುಂಬಳೆ): ನಿಖರತೆಯನ್ನು ನಂಬಿ ಕೂರಬೇಡಿ. ಕೆಡಿಡಿ 99ರಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವುದರಿಂದ ನಿಖರತೆ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. 2009ರಲ್ಲಿ ಅದರ ಪರಿಷ್ಕೃತ ರೂಪವಾದ ಎನ್‌ಎಸ್‌ಎಲ್-ಕೆಡಿಡಿ ರೂಪುಗೊಂಡದ್ದಕ್ಕೆ ಇದೂ ಒಂದು ಕಾರಣ. ಇನ್ನೂ ದೊಡ್ಡ ತೊಡಕನ್ನು ಸಂಶೋಧಕ ಸ್ಟೆಫಾನ್ ಆಕ್ಸೆಲ್‌ಸನ್ 1999ರಲ್ಲಿಯೇ ತೋರಿಸಿದ್ದರು. ಹತ್ತು ಲಕ್ಷ ಸಂಪರ್ಕಗಳಲ್ಲಿ 10 ಮಾತ್ರ ದಾಳಿ ಎಂದುಕೊಳ್ಳಿ. ಹತ್ತನ್ನೂ ಹಿಡಿದರೂ, ಸುಳ್ಳು ಎಚ್ಚರಿಕೆಯ ಪ್ರಮಾಣ ಶೇ. 0.1 ಇದ್ದರೆ ಸುಮಾರು 1,000 ಹುಸಿ ಎಚ್ಚರಿಕೆಗಳು ಬರುತ್ತವೆ. ಅವನ್ನೆಲ್ಲ ಯಾರು ಪರಿಶೀಲಿಸುತ್ತಾರೆ?

ಪ್ರಶ್ನೆ ಕೇಳಿದವರು: ಹಾಗಾದರೆ ವರದಿಯಲ್ಲಿ ನಿಖರತೆಯ ಜೊತೆಗೆ ಸುಳ್ಳು ಎಚ್ಚರಿಕೆಗಳ ಲೆಕ್ಕವನ್ನೂ ಕೊಡುತ್ತೇನೆ.